ನಿವೃತ್ತಿಯ ಹೂಡಿಕೆ: ಹತ್ತನೆಯ ಫಂಡ್ ಬೇಕೇ?

ಪ್ರಶ್ನೆ: ನನಗೀಗ 49 ವರ್ಷ. ಇನ್ನು 11 ವರ್ಷಕ್ಕೆ ನಿವೃತ್ತಿ. ಸಲಹೆಗಾರರ ನೆರವಿಲ್ಲದೆ ಹೂಡಿಕೆಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಹಿಂದಿನ ಮೂರು ವರ್ಷಗಳ ಗಳಿಕೆಯ ಪಟ್ಟಿಯಲ್ಲಿ ಮುಂದಿದ್ದವನ್ನು ಆರಿಸುತ್ತಾ ಹೋಗಿ, ಈಗ ನನ್ನಲ್ಲಿ ಒಂಬತ್ತು ಷೇರು ಫಂಡ್‌ಗಳಿವೆ. ಹತ್ತನೆಯದಾಗಿ ಎಂಥ ಫಂಡ್ ಸೇರಿಸಬಹುದು?

ಉತ್ತರ: ನಿಮಗೆ ಹತ್ತನೆಯ ಷೇರು ಫಂಡ್ ಬೇಕಾಗಿಲ್ಲ; ಇರುವ ಒಂಬತ್ತರಲ್ಲಿಯೂ ಹೆಚ್ಚಿನವು ಅನಗತ್ಯವೆಂದೇ ನನ್ನ ಅಭಿಪ್ರಾಯ. ಫಂಡ್ ಸಂಸ್ಥೆಗಳು ಪ್ರಕಟಿಸುವ ಹೂಡಿಕೆ ವಿವರಗಳನ್ನು ತೆರೆದು, ಪ್ರತಿಯೊಂದು ಫಂಡ್‌ನ ಮೊದಲ ಹತ್ತು ಕಂಪನಿಗಳ ಹೆಸರನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಒಂದೇ ಅವಧಿಯ ಗಳಿಕೆಯನ್ನು ನೋಡಿ ಆರಿಸಿದ ಫಂಡ್‌ಗಳಲ್ಲಿ ಆ ಅವಧಿಯಲ್ಲಿ ಏರಿದ ವಲಯಗಳ ಷೇರುಗಳೇ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು, ಹಾಗಾಗಿ ಅವು ಇಳಿಯುವುದೂ ಒಟ್ಟಿಗೇ. ಒಟ್ಟು ಹೂಡಿಕೆಯ ಅಪಾಯವನ್ನು ಅಳೆಯುವಾಗ ಅದರ ಭಾಗಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ನೋಡಬೇಕೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲೇ ಗಣಿತದ ಮೂಲಕ ತೋರಿಸಿದ್ದರು.

ಷೇರಿನ ಭಾಗಕ್ಕೆ ಇಡೀ ಮಾರುಕಟ್ಟೆಯನ್ನು ಒಳಗೊಳ್ಳುವ, ಕಡಿಮೆ ವೆಚ್ಚದ ಒಂದೆರಡು ಸೂಚ್ಯಂಕ ಫಂಡ್‌ಗಳು (ಷೇರುಪೇಟೆಯ ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್‌ಗಳು) ಸಾಕು. ಫಂಡ್‌ನ ಮುಂದಿನ ಗಳಿಕೆ ಯಾರಿಗೂ ತಿಳಿಯದು, ಆದರೆ ಅದರ ವಾರ್ಷಿಕ ವೆಚ್ಚ ಇಂದೇ ತಿಳಿದಿರುತ್ತದೆ. ವರ್ಷಕ್ಕೆ ಶೇ. 7ರಂತೆ ಬೆಳೆದ ಹಣ 30 ವರ್ಷಗಳಲ್ಲಿ ಸುಮಾರು 7.6 ಪಟ್ಟಾಗುತ್ತದೆ, ಅದರಲ್ಲಿ ಶೇ. 1 ವೆಚ್ಚಕ್ಕೆ ಹೋಗಿ ಶೇ. 6 ಮಾತ್ರ ಉಳಿದರೆ ಆಗುವುದು ಸುಮಾರು 5.7 ಪಟ್ಟು. ಅಂದರೆ ಅಂತಿಮ ಮೊತ್ತದ ಕಾಲು ಭಾಗದಷ್ಟು ಕೈಬಿಟ್ಟುಹೋಗುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಆತಂಕವಾಗುವುದು ನಿಮ್ಮಲ್ಲಿ ಷೇರು ಬಿಟ್ಟು ಬೇರೇನೂ ಇಲ್ಲದಿರುವುದನ್ನು ಕಂಡು. ನಿವೃತ್ತಿಯ ನಂತರ ಹಣ ಹಾಕುವುದು ನಿಂತು ತೆಗೆಯುವುದು ಶುರುವಾಗುತ್ತದೆ, ಆಗ ಲಾಭ ನಷ್ಟಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದೂ ಮುಖ್ಯವಾಗುತ್ತದೆ. 100 ಇದ್ದದ್ದು ಒಂದು ವರ್ಷ ಶೇ. 30 ಇಳಿದು ಮರುವರ್ಷ ಶೇ. 30 ಏರಿದರೂ, ಮೊದಲು ಏರಿ ಆಮೇಲೆ ಇಳಿದರೂ, ಉಳಿಯುವುದು 91. ಆದರೆ ಪ್ರತಿ ವರ್ಷದ ಕೊನೆಗೆ ಖರ್ಚಿಗೆಂದು 10 ತೆಗೆಯುತ್ತಿದ್ದರೆ, ಇಳಿಕೆ ಮೊದಲು ಬಂದಾಗ 68 ಉಳಿಯುತ್ತದೆ, ಏರಿಕೆ ಮೊದಲು ಬಂದಾಗ 74. ಎರಡೇ ವರ್ಷಗಳಲ್ಲಿ ಇಷ್ಟು ಅಂತರವಾದರೆ, ನಿವೃತ್ತಿಯ ಆರಂಭದಲ್ಲೇ ಪೇಟೆ ಕುಸಿದು ಕೆಲವು ವರ್ಷ ಹಾಗೆಯೇ ಉಳಿದಾಗ ಏನಾಗಬಹುದೆಂದು ಯೋಚಿಸಿ. ಆದ್ದರಿಂದ ನಿವೃತ್ತಿಯ ಮೊದಲ ಐದಾರು ವರ್ಷಗಳ ಖರ್ಚಿನಷ್ಟು ಹಣವನ್ನು ಈಗಿನಿಂದಲೇ, ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ, ಉತ್ತಮ ದರ್ಜೆಯ ಬಾಂಡ್ ಫಂಡ್‌ಗಳಲ್ಲಿ, ಅಂದರೆ ಸಾಲ ಮರಳಿಸುವ ಭರವಸೆ ಹೆಚ್ಚಿರುವ ಸಾಲಪತ್ರಗಳಲ್ಲಿ ಹೂಡುವ ಫಂಡ್‌ಗಳಲ್ಲಿ, ಕೂಡಿಡಬೇಕು.

ಬಾಂಡ್ ಫಂಡ್‌ನಲ್ಲಿಯೂ ಅಪಾಯವಿದೆ. ಬಡ್ಡಿ ದರ ಏರಿದರೆ ಅದರ ಮೌಲ್ಯ ಇಳಿಯುತ್ತದೆ: ಡ್ಯುರೇಶನ್ (ಬಡ್ಡಿ ದರ ಬದಲಾದಾಗ ಬಾಂಡ್‌ನ ಮೌಲ್ಯ ಎಷ್ಟು ಏರಿಳಿಯುತ್ತದೆ ಎಂಬುದನ್ನು ತೋರಿಸುವ, ವರ್ಷಗಳಲ್ಲಿ ಹೇಳುವ ಅಳತೆ) 7 ವರ್ಷವಿರುವ ಫಂಡ್, ದರ ಒಂದು ಪರ್ಸೆಂಟೇಜ್ ಪಾಯಿಂಟ್ ಏರಿದಾಗ ಸರಿಸುಮಾರು ಶೇ. 7ರಷ್ಟು ಕುಸಿಯುತ್ತದೆ. ಹಣ ಯಾವಾಗ ಬೇಕೋ ಆ ಅವಧಿಯನ್ನು ಮೀರದ ಡ್ಯುರೇಶನ್ ಇರುವುದನ್ನೇ ಆರಿಸಿ. ಹೆಚ್ಚು ಬಡ್ಡಿಯ ಆಸೆಗೆ ಕಡಿಮೆ ದರ್ಜೆಯ ಸಾಲಪತ್ರಗಳ ಫಂಡ್‌ಗೆ ಹೋಗಬೇಡಿ.

ಈಗಿರುವುದನ್ನೆಲ್ಲ ಒಂದೇ ದಿನ ಮಾರುವ ಅಗತ್ಯವಿಲ್ಲ. ಮೊದಲು ಹೊಸ ಕಂತುಗಳನ್ನು ಸೂಚ್ಯಂಕ ಮತ್ತು ಬಾಂಡ್ ಫಂಡ್‌ಗಳಿಗೆ ತಿರುಗಿಸಿ. ಆಮೇಲೆ ವೆಚ್ಚ ಹೆಚ್ಚಿರುವ, ಇತರ ಫಂಡ್‌ಗಳ ನಕಲಿನಂತಿರುವ ಫಂಡ್‌ಗಳಿಂದ ಆರಂಭಿಸಿ, ನಿರ್ಗಮನ ಶುಲ್ಕವನ್ನೂ ಲಾಭದ ಮೇಲಿನ ತೆರಿಗೆಯನ್ನೂ ಲೆಕ್ಕ ಹಾಕಿಕೊಂಡು ಎರಡು ಮೂರು ವರ್ಷಗಳಲ್ಲಿ ಹಂತ ಹಂತವಾಗಿ ಹೊರಬನ್ನಿ.