ಕೀನ್ಯಾ: ಬೂತಿನ ಬಾಗಿಲಿಗೆ ಅಂಟಿಸುವ ಫಾರಂ

ಪ್ರಶ್ನೆ: ನಮ್ಮಲ್ಲಿ ಮತದಾನ ಮುಗಿದರೆ ಏಜೆಂಟರಿಗೆ ಬಿದ್ದ ಮತಗಳ ಲೆಕ್ಕದ 17ಸಿ ಫಾರಂ ಕೊಟ್ಟು, ಯಂತ್ರವನ್ನು ಸ್ಟ್ರಾಂಗ್ ರೂಮಿಗೆ ಒಯ್ಯುತ್ತಾರೆ. ಕೀನ್ಯಾದಲ್ಲಿ ಬೂತಿನಲ್ಲೇ ಎಣಿಸುತ್ತಾರಂತೆ. ಹಾಗಿದ್ದೂ 2017ರ ಅಧ್ಯಕ್ಷ ಚುನಾವಣೆಯನ್ನು ಕೋರ್ಟು ಯಾಕೆ ರದ್ದು ಮಾಡಿತು?
— ಓದುಗರು, ಬದಿಯಡ್ಕ

ಉತ್ತರ: ಕೋರ್ಟು ಮುಖ್ಯವಾಗಿ ನೋಡಿದ್ದು ಲೆಕ್ಕ ಬೂತಿನಿಂದ ನೈರೋಬಿಗೆ ಹೋದ ದಾರಿಯನ್ನು. ಅಲ್ಲಿ ಕಾಗದದ ಮತಪತ್ರಗಳನ್ನು ಬೂತಿನಲ್ಲೇ ಎಣಿಸಿ, 34ಎ ಎಂಬ ಫಾರಂ ತುಂಬಿ, ಏಜೆಂಟರ ಸಹಿ ಹಾಕಿಸುತ್ತಾರೆ. ಒಂದು ಪ್ರತಿಯನ್ನು ಬೂತಿನ ಬಾಗಿಲಿಗೆ ಅಂಟಿಸಬೇಕು. ಅಂಕಿಯನ್ನೂ ಫಾರಂನ ಚಿತ್ರವನ್ನೂ ಟ್ಯಾಬ್ಲೆಟ್ ಮೂಲಕ ಮೇಲಕ್ಕೆ ಕಳಿಸಬೇಕು. ಕ್ಷೇತ್ರದ ಮೊತ್ತ 34ಬಿಯಲ್ಲಿ, ದೇಶದ ಮೊತ್ತ 34ಸಿಯಲ್ಲಿ.

2017ರ ಆಗಸ್ಟ್ 11ರಂದು ಉಹುರು ಕೆನ್ಯಾಟ್ಟಾ ಗೆದ್ದರೆಂದು ಘೋಷಿಸಿದಾಗ ಸಾವಿರಾರು 34ಎ ಫಾರಂಗಳು ಚುನಾವಣಾ ಆಯೋಗದ ಕೈಗೇ ಬಂದಿರಲಿಲ್ಲ. ಸರ್ವರ್ ತೆರೆದು ತೋರಿಸಲು ಕೋರ್ಟು ಹೇಳಿದರೂ ಆಯೋಗ ಪೂರ್ತಿ ತೋರಿಸಲಿಲ್ಲ. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ಪೀಠ 4–2 ಬಹುಮತದಿಂದ ಫಲಿತಾಂಶ ರದ್ದು ಮಾಡಿತು. ಅಂತರ ಎಷ್ಟೇ ದೊಡ್ಡದಿರಲಿ, ವಿಧಾನ ಕೆಟ್ಟರೆ ಫಲಿತಾಂಶ ನಿಲ್ಲದು ಎಂಬ ಈ ಮಾತೇ ತೀರ್ಪಿನ ಜೀವಾಳ. ಎಂಥ ಧೈರ್ಯದ ತೀರ್ಪು!

ದಿನಗಳ ಲೆಕ್ಕವೂ ಬಿಗಿ: ಘೋಷಣೆಯಾದ 7 ದಿನದೊಳಗೆ ಅರ್ಜಿ, ಅರ್ಜಿ ಹಾಕಿದ 14 ದಿನದೊಳಗೆ ತೀರ್ಪು, ರದ್ದಾದರೆ 60 ದಿನದೊಳಗೆ ಮರುಚುನಾವಣೆ. ಅಷ್ಟು ರಾಶಿ ಕಾಗದ ನೋಡಲು 14 ದಿನ ತೀರಾ ಕಡಿಮೆ ಎಂದೇ ನನ್ನ ಅಭಿಪ್ರಾಯ. ಅಕ್ಟೋಬರ್ 26ರ ಮರುಚುನಾವಣೆಯನ್ನು ಎದುರಾಳಿ ರೈಲಾ ಒಡಿಂಗಾ ಬಹಿಷ್ಕರಿಸಿದರು. ಕೆನ್ಯಾಟ್ಟಾ ಮತ್ತೆ ಗೆದ್ದರು.

2022ರಲ್ಲಿ ಆಯೋಗ 34ಎ ಚಿತ್ರಗಳನ್ನು ಜಾಲತಾಣಕ್ಕೇ ಹಾಕಿತು. ಯಾರು ಬೇಕಾದರೂ ಕೂಡಿ ನೋಡಬಹುದಿತ್ತು. ಗೆದ್ದ ವಿಲಿಯಂ ರೂಟೊಗೆ ಸಿಕ್ಕಿದ್ದು ಶೇ. 50.49. ಅರ್ಧಕ್ಕಿಂತ ಹೆಚ್ಚು ಮತ ಬಂದರಷ್ಟೇ ಸಾಲದು, 47 ಕೌಂಟಿಗಳಲ್ಲಿ (ದೇಶದೊಳಗಿನ ಆಡಳಿತ ಘಟಕಗಳಲ್ಲಿ) ಕನಿಷ್ಠ 24ರಲ್ಲಿ ತಲಾ ಶೇ. 25 ಮತವೂ ಬೇಕು. ತನ್ನ ಸೀಮೆಯೊಂದನ್ನೇ ನೆಚ್ಚಿ ಯಾರೂ ಗದ್ದುಗೆ ಏರಬಾರದೆಂದು ಹೀಗೆ.

ಪ್ರಶ್ನೆ: ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆಯೇ?
— ಓದುಗರು, ಮಂಜೇಶ್ವರ

ಉತ್ತರ: ಹೆಸರು ಮಾತ್ರ ಒಂದೇ. ಕೀನ್ಯಾದ ಕೌಂಟಿ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ, ಹೆಚ್ಚೆಂದರೆ ಎರಡು ಅವಧಿಗೆ. ಕೌಂಟಿ ಆಸ್ಪತ್ರೆ, ಕೃಷಿ ಅವರ ಕೈಯಲ್ಲಿ. ಕೇಂದ್ರದ ಆದಾಯದಲ್ಲಿ ಕನಿಷ್ಠ ಶೇ. 15 ಕೌಂಟಿಗಳಿಗೆ ಹೋಗಬೇಕು. ತೊಡಕು ಇಲ್ಲೇ ಇದೆ: ಆ ಶೇ. 15ನ್ನು ಲೆಕ್ಕಪರಿಶೋಧನೆಯಾಗಿ ಸಂಸತ್ತು ಒಪ್ಪಿದ ಹಳೆಯ ಲೆಕ್ಕದ ಮೇಲೆ ಹಿಡಿಯುತ್ತಾರೆ. ಒಪ್ಪಿಗೆ ತಡವಾದಷ್ಟೂ ಕನಿಷ್ಠ ಪಾಲಿನ ಮೊತ್ತ ಈಗಿನ ಆದಾಯಕ್ಕಿಂತ ಹಿಂದೆ ಬೀಳುತ್ತದೆ. ಹಣ ಬಿಡುಗಡೆ ತಡವಾದರೆ ಆಸ್ಪತ್ರೆ ಸಿಬ್ಬಂದಿಯ ಸಂಬಳವೂ ನಿಲ್ಲುತ್ತದೆ.