ಸಾರೋಟು ಮನೆ ಮಾರಾಟಕ್ಕಿದೆ, ಕೊಳ್ಳಬಹುದಾ?

ಪ್ರಶ್ನೆ: ಮಗ, ಸೊಸೆ ನ್ಯೂಯಾರ್ಕಿನಲ್ಲಿದ್ದಾರೆ. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ ಈಗ ಸ್ವಂತ ಮನೆ ಹುಡುಕುತ್ತಿದ್ದಾರೆ. ಬ್ರೂಕ್ಲಿನ್ನಿನ ಕ್ಲಿಂಟನ್ ಹಿಲ್ ಕಡೆ, ವೇವರ್ಲಿ ಅವೆನ್ಯೂ ಅನ್ನುವ ರಸ್ತೆಯಲ್ಲಿ ಒಂದು ಹಳೇ ಕ್ಯಾರೇಜ್ ಹೌಸ್, ಅಂದರೆ ಹಿಂದೆ ಸಾರೋಟು, ಕುದುರೆ ಇಡುತ್ತಿದ್ದ ಕಟ್ಟಡ, ಮಾರಾಟಕ್ಕಿದೆಯಂತೆ. ಎರಡಂತಸ್ತಿನ ಇಟ್ಟಿಗೆ ಕಟ್ಟಡ, ಎದುರಿಗೆ ಲಾರಿ ನುಗ್ಗುವಷ್ಟು ದೊಡ್ಡ ಬಾಗಿಲು. ‘ರಿನೋವೇಟ್ ಮಾಡಿಸಿದರೆ ಎಲ್ಲೂ ಸಿಗದಂಥ ಮನೆ ಆಗುತ್ತದೆ’ ಅಂತ ಏಜೆಂಟ್ ಹೇಳಿದ್ದಾರೆ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ನನಗೆ ಗೋಡೌನ್ ಥರ ಕಂಡಿತು. ಕುದುರೆ ಕಟ್ಟಿದ ಜಾಗದಲ್ಲಿ ಸಂಸಾರ ಮಾಡುವುದಾ? ನಮ್ಮದೊಂದು ಸೈಟ್ ಮಾರಿ ಅವರಿಗೆ ಸ್ವಲ್ಪ ದುಡ್ಡು ಕೊಡಬೇಕು ಅಂತಲೂ ಇದೆ. ಏನು ಹೇಳುತ್ತೀರಿ?
– ಓದುಗರೊಬ್ಬರು, ಮೈಸೂರು

ಉತ್ತರ: ಕುದುರೆ ವಿಷಯ ಮೊದಲು ಮುಗಿಸಿಬಿಡೋಣ ಅಮ್ಮಾ. ವೇವರ್ಲಿಯ ಒಂದು ಪಕ್ಕ ಕ್ಲಿಂಟನ್ ಅವೆನ್ಯೂ, ಇನ್ನೊಂದು ಪಕ್ಕ ವಾಷಿಂಗ್ಟನ್ ಅವೆನ್ಯೂ. 19ನೇ ಶತಮಾನದಲ್ಲಿ ಆ ಎರಡೂ ಬೀದಿಗಳಲ್ಲಿ ದುಡ್ಡಿದ್ದವರು ಬಂಗಲೆ ಕಟ್ಟಿಸಿದರು. ಎಣ್ಣೆ ವ್ಯಾಪಾರದಲ್ಲಿ ಶ್ರೀಮಂತರಾದ ಚಾರ್ಲ್ಸ್ ಪ್ರ್ಯಾಟ್ ಇದ್ದದ್ದು ಕ್ಲಿಂಟನ್ ಅವೆನ್ಯೂದಲ್ಲೇ. ಅಲ್ಲಿನ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಕಾಲೇಜನ್ನು 1887ರಲ್ಲಿ ಶುರು ಮಾಡಿದವರೂ ಅವರೇ. ಇಂಥವರ ಸಾರೋಟು, ಕುದುರೆ, ಹುಲ್ಲು, ಗಾಡಿ ಹೊಡೆಯುವವರ ಬಿಡಾರ ಎಲ್ಲ ಹಿತ್ತಿಲ ಕಡೆಯ ವೇವರ್ಲಿಯಲ್ಲಿ. ಕೆಳಗೆ ಮುಂಭಾಗದಲ್ಲಿ ಸಾರೋಟು, ಹಿಂದೆ ಲಾಯ, ಮೇಲೆ ಹುಲ್ಲಿನ ಅಟ್ಟ, ಅದರ ಪಕ್ಕ ಸಾರಥಿಯ ಕೋಣೆ. ಅಂದರೆ ಆಗಲೂ ಅಲ್ಲಿ ಸಂಸಾರ ನಡೆದಿತ್ತು, ಯಜಮಾನರದ್ದಲ್ಲ ಅಷ್ಟೇ. ಕಾರು ಬಂದ ಮೇಲೆ ಇಂಥ ಕಟ್ಟಡಗಳು ಗ್ಯಾರೇಜ್ ಆದವು, ವರ್ಕ್‌ಶಾಪ್ ಆದವು, ಕಲಾವಿದರ ಸ್ಟುಡಿಯೋ ಆದವು. ಮ್ಯಾನ್‌ಹ್ಯಾಟನ್ನಿನ ಮ್ಯಾಕ್‌ಡೂಗಲ್ ಆಲಿಯಲ್ಲಿ ಗರ್ಟ್ರೂಡ್ ವ್ಯಾಂಡರ್‌ಬಿಲ್ಟ್ ವಿಟ್ನಿ ಅನ್ನುವ ಶಿಲ್ಪಿ 1907ರಲ್ಲೇ ಒಂದು ಲಾಯವನ್ನು ಸ್ಟುಡಿಯೋ ಮಾಡಿಕೊಂಡರು. ಅವರು ಆಮೇಲೆ ಕಟ್ಟಿದ್ದೇ ವಿಟ್ನಿ ಮ್ಯೂಸಿಯಂ. ಈಗ ಇಂಥವು ಬಿಕರಿಗೆ ಬರುವುದೇ ಕಮ್ಮಿ, ಬಂದರೆ ಜನ ಮುಗಿಬೀಳುತ್ತಾರೆ.

ಹಾಗಂತ ಏಜೆಂಟ್ ಮಾತಿಗೆ ತಲೆಯಾಡಿಸಬೇಡಿ. ‘ರಿನೋವೇಟ್ ಮಾಡಬಹುದು’ ಅಂದರೆ ಬಹಳ ಸಲ ‘ಈಗ ಇರೋಕಾಗಲ್ಲ’ ಅಂತಲೇ ಅರ್ಥ. ಮಗ ಗೋಡೆ ತಟ್ಟಿ ನೋಡುವ ಮೊದಲು ಕಾಗದ ನೋಡಲಿ. ಆ ಕಟ್ಟಡ ನಗರದ ಲೆಕ್ಕದಲ್ಲಿ ‘ಮನೆ’ ಹೌದಾ? ನ್ಯೂಯಾರ್ಕಿನಲ್ಲಿ ‘ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿ’ ಅಂತ ಒಂದು ಪತ್ರವಿದೆ, ನಮ್ಮಲ್ಲಿ ಓಸಿ ಅನ್ನುತ್ತೇವಲ್ಲ, ಅದೇ. 1938ಕ್ಕಿಂತ ಹಳೆಯ ಕಟ್ಟಡಕ್ಕೆ ಅದು ಇರಲೇಬೇಕು ಅಂತೇನಿಲ್ಲ. ಆದರೆ ಬಳಕೆ ಬದಲಾದರೆ ಬೇಕೇ ಬೇಕು. ಲಾಯ ಗ್ಯಾರೇಜ್ ಆಗಿ, ಆಮೇಲೆ ಯಾರೋ ಸುಮ್ನೆ ಅಡುಗೆಮನೆ, ಬಾತ್‌ರೂಂ ಕೂರಿಸಿ ವಾಸ ಶುರು ಮಾಡಿದ್ದರೆ ದಾಖಲೆಯಲ್ಲಿ ಅದು ಇವತ್ತಿಗೂ ಗ್ಯಾರೇಜೇ. ಮನೆಗೆ ಅಂತ ಕೊಡುವ ಮಾಮೂಲಿ ಸಾಲವನ್ನು ಅಂಥದ್ದಕ್ಕೆ ಕೊಡಲು ಬ್ಯಾಂಕ್ ಹಿಂದೆಮುಂದೆ ನೋಡುತ್ತದೆ. ನಗರದ ಬಿಲ್ಡಿಂಗ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಹಳೇ ಪರ್ಮಿಟ್, ಬಾಕಿ ಇರುವ ನೋಟಿಸು ಎಲ್ಲ ಬಿಟ್ಟಿಯಾಗಿ ಸಿಗುತ್ತವೆ. ನೋಟಿಸುಗಳು ಹಳೇ ಮಾಲೀಕರ ಜೊತೆ ಹೋಗುವುದಿಲ್ಲ, ಆಸ್ತಿಯ ಜೊತೆಗೇ ಬರುತ್ತವೆ.

ಬಳಕೆ ಬದಲಿಸಿ ಹೊಸ ಸರ್ಟಿಫಿಕೇಟ್ ಪಡೆಯಬಹುದು. ಅದಕ್ಕೆ ಮೊದಲು ಆ ಜಾಗದ ಜೋನಿಂಗ್, ಅಂದರೆ ಎಲ್ಲಿ ಏನಿರಬಹುದು ಅನ್ನುವ ನಗರದ ನಿಯಮ, ಒಪ್ಪಬೇಕು, ಆಮೇಲೆ ಬೆಳಕಿನ ಪ್ರಶ್ನೆ ಬರುತ್ತದೆ. ಸಾರೋಟು ಮನೆಗಳು ಎರಡೂ ಪಕ್ಕದ ಕಟ್ಟಡಗಳಿಗೆ ಅಂಟಿಕೊಂಡಿರುತ್ತವೆ, ಎಷ್ಟೋ ಕಡೆ ಹಿಂದಿನ ಗೋಡೆಯೂ ಸೈಟಿನ ಗಡಿಗೇ ಬಂದು ನಿಂತಿರುತ್ತದೆ. ಕುದುರೆಗೆ ಕಿಟಕಿ ಯಾರು ಇಡುತ್ತಿದ್ದರು? ಆದರೆ ಕಾನೂನಿನ ಲೆಕ್ಕದ ಬೆಡ್‌ರೂಂಗೆ ಕಿಟಕಿ ಬೇಕು, ಗಡಿಯ ಮೇಲಿನ ಗೋಡೆಯಲ್ಲಿ ತೆರೆದ ಕಿಟಕಿ ಲೆಕ್ಕಕ್ಕಿಲ್ಲ. ಹಾಗಾಗಿ ‘ಮೂರು ಬೆಡ್‌ರೂಂ ಮಾಡಬಹುದು’ ಅನ್ನುವ ಮಾತನ್ನು ಆರ್ಕಿಟೆಕ್ಟ್ ಹೇಳಿದರೆ ನಂಬಿ, ಏಜೆಂಟ್ ಹೇಳಿದರೆ ಬೇಡ.

ಇನ್ನು ಲ್ಯಾಂಡ್‌ಮಾರ್ಕ್ ವಿಷಯ. ಪೆನ್ ಸ್ಟೇಷನ್ ಅನ್ನುವ ಭವ್ಯವಾದ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ಶುರು ಮಾಡಿದಾಗ ಊರಿಗೆ ಊರೇ ಸಿಟ್ಟಾಯಿತು. 1965ರಲ್ಲಿ ಹಳೇ ಕಟ್ಟಡ ಕಾಯುವ ಕಾನೂನು ಬಂತು, ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಬಂತು. ಕ್ಲಿಂಟನ್ ಹಿಲ್‌ನ ಒಂದು ಭಾಗ 1981ರಲ್ಲಿ ಇದರ ವ್ಯಾಪ್ತಿಗೆ ಸೇರಿತು. ವೇವರ್ಲಿ ಪೂರ್ತಿ ಅದರೊಳಗಿಲ್ಲ, ಆದ್ದರಿಂದ ಈ ಮನೆ ಒಳಗೋ ಹೊರಗೋ ಅಂತ ಕಮಿಷನ್ನಿನ ನಕ್ಷೆಯಲ್ಲಿ ನೋಡಬೇಕು. ಒಳಗಿದ್ದರೆ ಹೊರಗಿನ ಮುಖದ ಮೇಲೆ ಮಾಲೀಕರಿಗೆ ಪೂರ್ತಿ ಸ್ವಾತಂತ್ರ್ಯವಿಲ್ಲ. ಆ ದೊಡ್ಡ ಬಾಗಿಲು, ಕಿಟಕಿ, ಮೇಲೆ ಹುಲ್ಲು ಎಳೆಯುತ್ತಿದ್ದ ತೊಲೆ, ಇಟ್ಟಿಗೆ ಎಲ್ಲದಕ್ಕೂ ಅನುಮತಿ ಬೇಕು. ಒಡೆದ ಗಾಜು ಬದಲಿಸುವಂಥ ಸಣ್ಣಪುಟ್ಟ ರಿಪೇರಿಗೆ ಬೇಡ. ಸಾಧಾರಣ ಕೆಲಸಕ್ಕೆ ಕಮಿಷನ್ನಿನ ಸಿಬ್ಬಂದಿಯೇ ಪರ್ಮಿಟ್ ಕೊಡುತ್ತಾರೆ. ಬೀದಿಗೆ ಎದ್ದು ಕಾಣುವ ಹಾಗೆ ಮೇಲೊಂದು ಅಂತಸ್ತು ಏರಿಸುತ್ತೇವೆ ಅಂದರೆ ಸಾರ್ವಜನಿಕ ವಿಚಾರಣೆ, ಅಕ್ಕಪಕ್ಕದವರೂ ಬಂದು ಮಾತಾಡಬಹುದು. ಒಳಗಡೆ ಮಾತ್ರ ಬಹುಮಟ್ಟಿಗೆ ಅವರಿಷ್ಟ. ಬಿಲ್ಡಿಂಗ್ಸ್ ಇಲಾಖೆಯ ಪರ್ಮಿಟ್ ಬೇಕಾಗುವ ಒಳಕೆಲಸಕ್ಕೂ ಕಮಿಷನ್ನಿನ ಸಹಿ ಬೇಕು ನಿಜ, ಅದು ಅಷ್ಟೇನೂ ಕಷ್ಟವಲ್ಲ. ನನ್ನ ಅಭಿಪ್ರಾಯ ಕೇಳಿದರೆ ಈ ಕಟ್ಟುಪಾಡು ಒಳ್ಳೆಯದೇ, ಪಕ್ಕದ ಮನೆಯವರು ನಾಳೆ ಎದುರುಗೋಡೆಗೆ ಗಾಜು ಮೆತ್ತುವ ಹಾಗಿಲ್ಲವಲ್ಲ!

ಈಗ ಕಟ್ಟಡ. ಕುದುರೆಯ ಗಂಜಳ, ಗೊಬ್ಬರದ ಲವಣ ವರ್ಷಗಟ್ಟಲೆ ಇಟ್ಟಿಗೆಯೊಳಗೆ ಇಳಿದಿರುತ್ತದೆ. ಥಂಡಿ ಹಿಡಿದಾಗ ಅದು ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ, ಇಟ್ಟಿಗೆಯ ಮೈ ಉದುರುತ್ತದೆ. ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆ ಉಪ್ಪುಪ್ಪಾಗಿದೆಯಾ ನೋಡಿಸಿ. ಅದರ ಮೇಲೆ ಸಿಮೆಂಟ್ ಬಳಿದು ಪೇಂಟ್ ಹೊಡೆದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಆ ಕಾಲದ ಇಟ್ಟಿಗೆ ಮೆದು, ಗಾರೆ ಸುಣ್ಣದ್ದು. ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ನೀರು ಗಾರೆಯಿಂದ ಹೊರಬರಲಾಗದೆ ಇಟ್ಟಿಗೆಯನ್ನೇ ತಿನ್ನುತ್ತದೆ. ಇದನ್ನು ಮೈಸೂರಿನ ಹಳೇ ಗಾರೆ ಕೆಲಸದವರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡ ಬಾಗಿಲಿನ ಮೇಲಿನ ಕಬ್ಬಿಣದ ತೊಲೆ ತುಕ್ಕು ಹಿಡಿದು ಉಬ್ಬಿದೆಯಾ, ಅದರ ಮೇಲಿನ ಇಟ್ಟಿಗೆ ಬಿರುಕು ಬಿಟ್ಟಿದೆಯಾ ಅನ್ನುವುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೈಲೇ ನೋಡಿಸಬೇಕು, ಮನೆ ತೋರಿಸಲು ಬಂದವರ ಕೈಲಲ್ಲ. ಗ್ಯಾರೇಜ್ ಆಗಿದ್ದ ಕಾಲದ ಪೆಟ್ರೋಲ್ ಟ್ಯಾಂಕೋ ಹೀಟಿಂಗ್ ಎಣ್ಣೆಯ ಟ್ಯಾಂಕೋ ನೆಲದಡಿ ಉಳಿದಿರಬಹುದು. ಸೋರಿ ಮಣ್ಣು ಕೆಟ್ಟಿದ್ದರೆ ಅದನ್ನು ಶುದ್ಧ ಮಾಡಿಸುವ ಖರ್ಚಿನ ಮುಂದೆ ಅಡುಗೆಮನೆಯ ಖರ್ಚು ಏನೂ ಅಲ್ಲ. ಮನೆಗಳಲ್ಲಿ ಸೀಸದ ಬಣ್ಣ ಬಳಸುವುದನ್ನು ನ್ಯೂಯಾರ್ಕ್ ನಗರ ನಿಲ್ಲಿಸಿದ್ದು 1960ರಲ್ಲಿ, ಹಾಗಾಗಿ ಇಲ್ಲಿ ಅದು ಇದ್ದೇ ಇದೆ ಅಂದುಕೊಳ್ಳಿ. ಮಕ್ಕಳಿದ್ದರೆ ಉಜ್ಜಿ ತೆಗೆಯುವ ಕೆಲಸ ಮುಗಿದು ಧೂಳು ತೊಳೆಯುವವರೆಗೆ ಆ ಕಡೆ ಕರೆದೊಯ್ಯುವುದು ಬೇಡ.

ದುಡ್ಡಿನ ವಿಷಯದಲ್ಲಿ ಬೆಲೆಯ ಮೇಲೆ ಇನ್ನೂ ಇದೆ. 10 ಲಕ್ಷ ಡಾಲರ್ ಮುಟ್ಟಿದ ಮನೆಗೆ ಕೊಳ್ಳುವವರೇ ಪೂರ್ತಿ ಬೆಲೆಯ 1% ‘ಮ್ಯಾನ್ಷನ್ ಟ್ಯಾಕ್ಸ್’ ಕಟ್ಟಬೇಕು. ಈ ನಗರದಲ್ಲಿ 20 ಲಕ್ಷ ಮುಟ್ಟಿದರೆ ಅದು ಇನ್ನೂ ಏರುತ್ತದೆ. ಹೆಸರಿಗೆ ಬಂಗಲೆ ತೆರಿಗೆ, ಲಾಯಕ್ಕೂ ಬೀಳುತ್ತದೆ. ಸಾಲ ಮಾಡಿದರೆ ಆ ಸಾಲದ ಮೊತ್ತದ ಮೇಲೂ ಸುಮಾರು 2% ನೋಂದಣಿ ತೆರಿಗೆ.

ಸೈಟ್ ಮಾರುವ ಮುಂಚೆ ಇದನ್ನು ಓದಿ. ಸೈಟ್ ಮಾರಿದ ದುಡ್ಡಿನಲ್ಲಿ ಮನೆ ಕೊಂಡರೆ ತೆರಿಗೆ ವಿನಾಯಿತಿ ಸಿಗುತ್ತದಲ್ಲ, ಅದು ಭಾರತದೊಳಗಿನ ಮನೆಗೆ ಮಾತ್ರ, ಬ್ರೂಕ್ಲಿನ್ನಿಗೆ ಇಲ್ಲ. ಹೊರದೇಶಕ್ಕೆ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಕಳಿಸಬಹುದು. ನೀವು, ಯಜಮಾನರು ಬೇರೆ ಬೇರೆ ಲೆಕ್ಕ. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುತ್ತದೆ. ರಿಟರ್ನ್ ಸಲ್ಲಿಸಿದಾಗ ಅದು ಜಮೆಯಾಗುತ್ತದೆ, ಆದರೆ ಅಲ್ಲಿವರೆಗೆ ಕೈಲಿರುವುದಿಲ್ಲ. ಅಲ್ಲಿ ಮಗ ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿಯಾಗಿದ್ದು, ಒಂದು ವರ್ಷದಲ್ಲಿ ನಿಮ್ಮಿಬ್ಬರಿಂದ ಒಟ್ಟು ಒಂದು ಲಕ್ಷ ಡಾಲರ್‌ಗಿಂತ ಹೆಚ್ಚು ಉಡುಗೊರೆ ಪಡೆದರೆ 3520 ಅನ್ನುವ ಫಾರಂ ತುಂಬಬೇಕು. ತೆರಿಗೆ ಇಲ್ಲ, ತುಂಬದಿದ್ದರೆ ದಂಡ ಮಾತ್ರ ಜೋರು. ‘ಇದು ಸಾಲ ಅಲ್ಲ, ಉಡುಗೊರೆ’ ಅಂತ ಅಲ್ಲಿನ ಬ್ಯಾಂಕ್ ನಿಮ್ಮಿಂದ ಪತ್ರವನ್ನೂ ಕೇಳುತ್ತದೆ.

ಒಟ್ಟಿನಲ್ಲಿ ವಾಸದ ಸರ್ಟಿಫಿಕೇಟ್ ಇದೆ, ನೆಲದಡಿ ಟ್ಯಾಂಕ್ ಇಲ್ಲ ಅಂತಾದರೆ ನಾನು ಕೊಳ್ಳಿ ಅನ್ನುತ್ತೇನೆ, ಉಳಿದದ್ದೆಲ್ಲ ದುಡ್ಡು ಮತ್ತು ತಾಳ್ಮೆಯ ಕೆಲಸ. ಸರ್ಟಿಫಿಕೇಟ್ ಇಲ್ಲ ಅಂದರೆ ಅದು ಸಿಗುವವರೆಗಿನ ಖರ್ಚು, ಕಾಲ ಎರಡನ್ನೂ ಬೆಲೆಯಲ್ಲಿ ಇಳಿಸಿಕೊಳ್ಳಬೇಕು. ಮಾರುವವರು ಒಪ್ಪದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಹಳೇ ಕಟ್ಟಡ ರಿಪೇರಿ ಮಾಡಿಸಿದರೆ ಅಮೆರಿಕ ಸರ್ಕಾರ ಖರ್ಚಿನ 20% ತೆರಿಗೆಯಲ್ಲಿ ಬಿಡುತ್ತದಂತೆ, ನಿಜವಾ?
– ಓದುಗರು, ನ್ಯೂಜೆರ್ಸಿ

ಉತ್ತರ: ಅರ್ಧ ನಿಜ. ಕೇಂದ್ರದ ಆ 20% ಬಾಡಿಗೆಗೋ ವ್ಯಾಪಾರಕ್ಕೋ ಬಳಸುವ ಕಟ್ಟಡಕ್ಕೆ, ಅದೂ ಐದು ವರ್ಷಕ್ಕೆ ಹಂಚಿ. ನೀವೇ ವಾಸ ಮಾಡುವ ಮನೆಗೆ ಇಲ್ಲ. ನ್ಯೂಯಾರ್ಕ್ ರಾಜ್ಯದ್ದು ಬೇರೆ ಯೋಜನೆ ಇದೆ, ಅದು ಸ್ವಂತ ವಾಸದ ಹಳೇ ಮನೆಗೂ ಸಿಗುತ್ತದೆ, 50,000 ಡಾಲರ್ ಮಿತಿಯೊಳಗೆ. ಆದರೆ ಎಲ್ಲ ಬಡಾವಣೆಗೂ ಇಲ್ಲ, ಕೆಲಸ ಶುರು ಮಾಡುವ ಮುಂಚೆಯೇ ಒಪ್ಪಿಗೆ ಪಡೆದಿರಬೇಕು. ಗೋಡೆ ಒಡೆದ ಮೇಲೆ ಅರ್ಜಿ ಹಾಕಿದರೆ ಆಗುವುದಿಲ್ಲ.

ಪ್ರಶ್ನೆ: ಸಾರೋಟಿನ ಬಾಗಿಲು ಇದ್ದರೆ ಕಾರು ಒಳಗೆ ನಿಲ್ಲಿಸಬಹುದು ಅಲ್ವಾ?
– ಅದೇ ಓದುಗರು

ಉತ್ತರ: ಬಾಗಿಲಿದ್ದರೆ ಸಾಲದು. ಎದುರಿನ ಫುಟ್‌ಪಾತ್ ಇಳಿಜಾರು ಮಾಡಿರುವುದಕ್ಕೆ ದಾಖಲೆ ಇರಬೇಕು, ಅದನ್ನು ಕರ್ಬ್ ಕಟ್ ಅನ್ನುತ್ತಾರೆ. ಅದು ಸಕ್ರಮವಾಗಿದ್ದರೆ ಬ್ರೂಕ್ಲಿನ್ನಿನಲ್ಲಿ ಅದಕ್ಕೇ ಒಂದು ಬೆಲೆ. ಎರಡು ಮನೆಗಿಂತ ಹೆಚ್ಚಿಲ್ಲದ ಜಾಗವಾದರೆ, ಅದೇ ವಿಳಾಸಕ್ಕೆ ನೋಂದಣಿಯಾದ ಕಾರನ್ನು ಆ ಇಳಿಜಾರಿನ ಎದುರು ರಸ್ತೆಯಲ್ಲೂ ನಿಲ್ಲಿಸಬಹುದು. ಹಾಗಾಗಿ ಗಾಡಿ ಹೊರಗಿಟ್ಟು ಕೆಳಗಿನ ಹಜಾರವನ್ನು ವಾಸಕ್ಕೆ ಬಳಸುವವರೂ ಇದ್ದಾರೆ.