ಆಲೆಮನೆ ಹೊಗೆಯೋ, ಬೇರೆಯದೋ?

ಪ್ರಶ್ನೆ: ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಆಲೆಮನೆ ಇದೆ. ಮೊದಲು ಕಬ್ಬಿನ ಸಿಪ್ಪೆಯನ್ನೇ ಉರಿಸುತ್ತಿದ್ದರು. ಈಗ ರಾತ್ರಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಒಣಹಾಕಿದ ಬಟ್ಟೆ ಮೇಲೆ ಮಸಿ ಬೀಳುತ್ತದೆ. ಏಳು ವರ್ಷದ ಮಗನಿಗೆ ಉಬ್ಬಸ ಜಾಸ್ತಿಯಾಗಿದೆ. ನಮ್ಮ ಕಬ್ಬೂ ಅಲ್ಲಿಗೇ ಹೋಗುವುದರಿಂದ ಮನೆಯವರು ‘ಸುಮ್ಮನಿರು’ ಅನ್ನುತ್ತಾರೆ. ಕಾರಣ ಆ ಹೊಗೆಯೇ ಎಂದು ತಿಳಿಯುವುದು ಹೇಗೆ?
– ಹೆಸರು ಬೇಡ, ಪಾಂಡವಪುರ ತಾಲ್ಲೂಕು

ಉತ್ತರ: ಸುಮ್ಮನಿರಬೇಡಿ, ಅಮ್ಮಾ. ಆದರೆ ದೂರು ಕೊಡುವ ಮುಂಚೆ ಒಂದು ನೋಟ್‌ಬುಕ್ ಇಡಿ. ಮಂಡ್ಯದಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ‘ಹೊಗೆ ಜಾಸ್ತಿ, ಕ್ರಮ ಕೈಗೊಳ್ಳಿ’ ಅನ್ನುವ ಅರ್ಜಿಯನ್ನು ಬದಿಗಿಡುವುದು ಸುಲಭ. ದಿನ, ಹೊತ್ತು, ಹೊಗೆಯ ಬಣ್ಣ, ಗಾಳಿ ಬೀಸಿದ ದಿಕ್ಕು ಎಲ್ಲವನ್ನೂ ಬರೆದ ಅರ್ಜಿಯನ್ನು ಹಾಗೆ ಇಡಲಾಗದು.

ಗಾಳಿಯ ದಿಕ್ಕು ಬಹಳ ಮುಖ್ಯ. ಮುಂಗಾರಿನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಆಲೆಮನೆ ನಿಮ್ಮ ಪಡುವಣಕ್ಕಿದ್ದು, ಮೂಡಣಗಾಳಿಯ ದಿನವೂ ಅಷ್ಟೇ ಮಸಿ ಬಿದ್ದರೆ ಬೇರೆ ಮೂಲವನ್ನೂ ಹುಡುಕಬೇಕು. ಚಳಿಗಾಲದ ರಾತ್ರಿ ನೆಲದ ಹತ್ತಿರದ ತಣ್ಣನೆ ಗಾಳಿ ಕದಲುವುದಿಲ್ಲ, ಹೊಗೆ ಮೇಲೇರದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ. ಮೊಬೈಲ್ ಆ್ಯಪ್ ಮೈಸೂರಿನ ಗಾಳಿ ಚೆನ್ನಾಗಿದೆ ಅಂದರೆ ನಿಮ್ಮ ಬೀದಿಯ ಗಾಳಿಯ ಬಗ್ಗೆ ಅದು ಏನೂ ಹೇಳಿದಂತಾಗಲಿಲ್ಲ.

ಏನು ಸುಡುತ್ತಾರೆ ಎಂಬುದಕ್ಕೆ ಬೂದಿಯೇ ಸಾಕ್ಷಿ. ಟೈರ್ ಸುಟ್ಟರೆ ಒಳಗಿನ ಉಕ್ಕಿನ ತಂತಿ ಸುಡದೆ ಉಳಿಯುತ್ತದೆ. ಬೂದಿಯನ್ನು ರಸ್ತೆ ಬದಿಗೆ ಸುರಿದಿದ್ದರೆ ಅಲ್ಲೇ ನಿಂತು ಫೋಟೊ ತೆಗೆಯಿರಿ, ಆಲೆಮನೆ ಒಳಗೆ ಹೋಗಬೇಡಿ. ಹಸಿ ಸಿಪ್ಪೆಯೂ ಹೊಗೆಯಾಡುತ್ತದೆ, ನಿಜ. ಆದರೆ ರಬ್ಬರ್ ಹೊಗೆಯಲ್ಲಿ ಸೂಕ್ಷ್ಮ ಮಸಿಯ ಜೊತೆ ಗಂಧಕದ ಡೈಆಕ್ಸೈಡ್ ಇರುತ್ತದೆ, ಕ್ಯಾನ್ಸರ್ ತರಬಲ್ಲ ಬೆಂಜೀನ್ ಇರುತ್ತದೆ. ಉಬ್ಬಸದ ಮಗುವಿಗೆ ಗಂಧಕದ ಹೊಗೆಯೊಂದೇ ಸಾಕು, ಶ್ವಾಸನಾಳ ಬಿಗಿಯುತ್ತದೆ. ಕೊಪ್ಪರಿಗೆ ಕೆಳಗೆ ಉರಿ ಹಾಕುವ ಆಳು ಇದನ್ನು ನಿಮಗಿಂತ ಹೆಚ್ಚು ಕುಡಿಯುತ್ತಿದ್ದಾನೆ. ಅವನ ಹತ್ತಿರವೂ ಮಾತಾಡಿ.

ಮಗನ ಲೆಕ್ಕವನ್ನು ಅದೇ ಪುಸ್ತಕದಲ್ಲಿ ಬರೆಯಿರಿ: ಕೆಮ್ಮಿದ ರಾತ್ರಿಗಳು, ಇನ್‌ಹೇಲರ್ ಎಷ್ಟು ಸಲ ಬೇಕಾಯಿತು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆ ಸಿಗುತ್ತದೆ, ಜೋರಾಗಿ ಊದಿದರೆ ಉಸಿರಿನ ವೇಗ ತೋರಿಸುತ್ತದೆ. ಮಗನಿಗೆ ಊದುವ ರೀತಿಯನ್ನು ಡಾಕ್ಟರಿಂದಲೇ ಕಲಿಸಿ. ಹೊಗೆಯ ದಿನಗಳಲ್ಲಿ ಅಂಕಿ ಇಳಿದು, ಆಲೆಮನೆ ನಿಂತ ದಿನಗಳಲ್ಲಿ ಏರಿದರೆ ಆ ಪುಟವನ್ನು ಡಾಕ್ಟರಿಗೆ ತೋರಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಔಷಧ ಮಾತ್ರ ನಿಲ್ಲಿಸಬೇಡಿ. ಬಚ್ಚಲ ಒಲೆಯ ಹೊಗೆ, ಸೊಳ್ಳೆ ಬತ್ತಿ ಮನೆಯಲ್ಲಿದ್ದರೆ ಮೊದಲು ಅವನ್ನು ಬಿಡಿ. ‘ನಿಮ್ಮ ಮನೆಯ ಹೊಗೆಯೇ ಇರಬೇಕು’ ಎಂದು ನಾಳೆ ಯಾರೂ ಹೇಳಬಾರದು.

ಆಮೇಲೆ ಅರ್ಜಿ. ಒಬ್ಬರೇ ಸಹಿ ಹಾಕಬೇಡಿ, ಮಸಿ ಬೀಳುವ ಇತರ ಮನೆಯವರನ್ನೂ ಸೇರಿಸಿಕೊಳ್ಳಿ. ಆಲೆಮನೆ ಮುಚ್ಚಿಸಿ ಎಂದು ಕೇಳಬೇಡಿ, ರಬ್ಬರ್ ಸುಡುವುದನ್ನು ನಿಲ್ಲಿಸಿ ಎಂದಷ್ಟೇ ಕೇಳಿ. ಊರಿನ ಕಬ್ಬು ಅಲ್ಲೇ ಅರೆಯಬೇಕು, ನಿಮ್ಮ ಯಜಮಾನರ ಅಂಜಿಕೆಗೂ ಇದರಲ್ಲಿ ಉತ್ತರವಿದೆ. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಇನ್ನೊಂದು ಮಂಡ್ಯದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆಯಿರಿ. 1981ರ ವಾಯು ಕಾಯ್ದೆಯಡಿ ಬಂದು ಪರೀಕ್ಷಿಸುವ ಅಧಿಕಾರ ಮಂಡಳಿಗಿದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ‘ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತು, ತಪಾಸಣಾ ವರದಿಯ ಪ್ರತಿ ಕೊಡಿ’ ಎಂದು ಕೇಳಿ. ಕರ್ನಾಟಕದಲ್ಲಿ ಆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದದೊಳಗೆ ಇರಬೇಕು. 30 ದಿನದೊಳಗೆ ಅವರು ಉತ್ತರಿಸಬೇಕು.